ಬೀಗ ಬಿದ್ದ ಊರಿನಲ್ಲಿ ತೆರೆದಿದ್ದ ಸಭೆ

2020ರ ಮಾರ್ಚ್ 23ರ ರಾತ್ರಿ ಬ್ರಿಟನ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಅದಾಗಿ ಎರಡು ವಾರ ತುಂಬುವ ಮೊದಲೇ, ಏಪ್ರಿಲ್ 4ರಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸ ನಿಯಮವೊಂದು ಜಾರಿಗೆ ಬಂತು. ಆಸ್ಪತ್ರೆಗಳು ತುಂಬುತ್ತಿದ್ದ, ವೆಂಟಿಲೇಟರ್‌ಗಾಗಿ ಸರ್ಕಾರ ಪರದಾಡುತ್ತಿದ್ದ ದಿನಗಳವು. ಆ ಗಡಿಬಿಡಿಯಲ್ಲಿ ತಂದ ಈ ನಿಯಮಕ್ಕೂ ಔಷಧಿಗೂ ಸಂಬಂಧವಿರಲಿಲ್ಲ. ಊರಿನ ಕೌನ್ಸಿಲ್ ಸದಸ್ಯರು ಒಂದೇ ಕೋಣೆಯಲ್ಲಿ ಸೇರಬೇಕಿಲ್ಲ, ಮನೆಯಿಂದಲೇ ವಿಡಿಯೊ ಮೂಲಕ ಸಭೆ ನಡೆಸಬಹುದು, ಆದರೆ ಆ ಸಭೆ ಜನರಿಗೆ ತೆರೆದಿರಬೇಕು ಎಂದಷ್ಟೇ ಅದು ಹೇಳಿತು. ಪೊಲೀಸ್ ಆಡಳಿತವನ್ನು ಪ್ರಶ್ನಿಸುವ ಸಮಿತಿಗಳ ಹೆಸರನ್ನೂ ನಿಯಮದ ಶೀರ್ಷಿಕೆಯಲ್ಲೇ ಸೇರಿಸಿದ್ದರು.

ವಿಪತ್ತು ಬಂದಾಗ ಸರ್ಕಾರಗಳು ಮೊದಲು ಮುಂದೂಡುವುದು ಸಭೆಯನ್ನೇ. ‘ಈಗ ಚರ್ಚೆಗೆ ಸಮಯವಲ್ಲ, ಕೆಲಸ ಮಾಡೋಣ’ ಎಂಬ ಮಾತು ಎಲ್ಲ ದೇಶಗಳಲ್ಲೂ ಕೇಳುತ್ತದೆ, ಕೇಳುವುದಕ್ಕೆ ಹಿತವಾಗಿಯೂ ಇರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಣ ನೀರಿನಂತೆ ಹರಿಯುವುದು, ಅಧಿಕಾರ ಕೆಲವೇ ಕೈಗಳಿಗೆ ಸೇರುವುದು, ಬಡವರ ಮನೆಯಲ್ಲಿ ಏನಾಗುತ್ತಿದೆ ಎಂದು ಹೊರಗಿನವರಿಗೆ ತಿಳಿಯದಿರುವುದು, ಈ ಮೂರೂ ಒಟ್ಟಿಗೆ ನಡೆಯುವುದು ವಿಪತ್ತಿನಲ್ಲೇ. ಪ್ರಶ್ನೆ ಕೇಳುವವರು ಬೇಕಾಗುವುದೂ ಆಗಲೇ. ಆ ವರ್ಷ ಇಂಗ್ಲೆಂಡಿನ ಊರುಗಳಲ್ಲಿ ಈ ಕೆಲಸ ಹೇಗೆ ನಡೆಯಿತು, ಎಲ್ಲಿ ನಡೆಯಲಿಲ್ಲ ಎಂಬುದನ್ನು ನಾವು ಇಲ್ಲಿ ಕುಳಿತು ನೋಡಬೇಕಾದ ಕಾರಣ ಇದೆ.

ಕೇಳುವವರು ಯಾರು?

ನಮ್ಮಲ್ಲಿ ಕೆಡಿಪಿ ಸಭೆ ಎಂದರೆ ಎಲ್ಲರಿಗೂ ಗೊತ್ತು. ಜಿಲ್ಲಾ ಉಸ್ತುವಾರಿ ಸಚಿವರು ಬಂದು ಅಧಿಕಾರಿಗಳನ್ನು ಸಾಲಾಗಿ ಕೂರಿಸಿಕೊಂಡು ಪ್ರಗತಿ ಕೇಳುತ್ತಾರೆ. ಯಾರನ್ನಾದರೂ ತರಾಟೆಗೆ ತೆಗೆದುಕೊಂಡರೆ ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿ. ಅಲ್ಲಿ ಪ್ರಶ್ನೆ ಕೇಳುವವರು ಅಧಿಕಾರದಲ್ಲಿ ಇರುವವರೇ. ಇಂಗ್ಲೆಂಡಿನ ಪರಿಶೀಲನಾ ಸಮಿತಿ ಇದಕ್ಕೆ ತದ್ವಿರುದ್ಧ. 2000ದ ಸ್ಥಳೀಯ ಸರ್ಕಾರ ಕಾಯ್ದೆ ಕೌನ್ಸಿಲರುಗಳನ್ನು ಎರಡು ಭಾಗ ಮಾಡಿತು. ಹತ್ತು ಜನರಿಗೆ ಮೀರದ ಒಂದು ಸಂಪುಟ ನಿರ್ಧಾರ ತೆಗೆದುಕೊಳ್ಳುತ್ತದೆ. ಸಂಪುಟದಲ್ಲಿ ಇಲ್ಲದವರು ಆ ನಿರ್ಧಾರಗಳನ್ನು ಪರಿಶೀಲಿಸುತ್ತಾರೆ. ಸಂಪುಟದಲ್ಲಿ ಕುಳಿತವರು ಪರಿಶೀಲನಾ ಸಮಿತಿಯಲ್ಲಿ ಕೂರುವಂತಿಲ್ಲ.

ಈ ಸಮಿತಿಗೆ ಯಾವ ನಿರ್ಧಾರವನ್ನೂ ರದ್ದು ಮಾಡುವ ಅಧಿಕಾರವಿಲ್ಲ. ಜಾರಿಗೆ ಬರುವ ಮುನ್ನ ತಡೆಹಿಡಿದು, ಇನ್ನೊಮ್ಮೆ ಯೋಚಿಸಿ ಎಂದು ವಾಪಸ್ ಕಳಿಸಬಹುದು, ಅಷ್ಟೆ. ಆದರೆ ಸಂಪುಟದ ಸದಸ್ಯರನ್ನೂ ಅಧಿಕಾರಿಗಳನ್ನೂ ಎದುರು ಕೂರಿಸಿಕೊಂಡು, ಜನ ನೋಡುತ್ತಿರುವಾಗ ಕೇಳುವ ಹಕ್ಕು ಅದಕ್ಕಿದೆ. ಸಭೆಗೆ ಐದು ಪೂರ್ಣ ದಿನ ಮೊದಲೇ ಕಾರ್ಯಸೂಚಿ ಮತ್ತು ವರದಿಗಳು ಸಾರ್ವಜನಿಕರ ಕೈಗೆ ಸಿಗಬೇಕು. ಬೀದಿ ದೀಪ ಯಾಕೆ ಕೆಟ್ಟಿದೆ ಎಂದು ಕೇಳಲು ಬರುವ ಸಾಮಾನ್ಯ ನಿವಾಸಿಗೂ, ಪ್ರತಿಪಕ್ಷದ ಹಳೆಯ ಸದಸ್ಯನಿಗೂ ಸಿಗುವುದು ಅದೇ ಕಾಗದ.

ಪೊಲೀಸರ ವಿಷಯಕ್ಕೆ ಬಂದರೆ ಇದು ನಮಗೆ ಇನ್ನಷ್ಟು ಹೊಸದು. ಇಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ ಅಧೀನ, ಪಾಲಿಕೆಗೂ ಠಾಣೆಗೂ ಲೆಕ್ಕ ಒಪ್ಪಿಸುವ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ 1998ರ ಅಪರಾಧ ಮತ್ತು ಅಶಿಸ್ತು ಕಾಯ್ದೆ ಕೌನ್ಸಿಲ್, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಸಂಸ್ಥೆಗಳನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿತು. ಅಪರಾಧ ತಡೆಯುವುದು ಪೊಲೀಸರ ಪಾಲಿನ ಕೆಲಸ ಮಾತ್ರವಲ್ಲ ಎಂಬ ಮಾತನ್ನು ಅದಕ್ಕೂ ಮೊದಲು, 1991ರಲ್ಲಿ, ಮಾರ್ಗನ್ ವರದಿ ಹೇಳಿತ್ತು. ಕಾಯ್ದೆಯ 17ನೇ ಕಲಮು ಕೌನ್ಸಿಲ್ಲಿನ ಪ್ರತಿಯೊಂದು ಕೆಲಸಕ್ಕೂ ಈ ಹೊಣೆಯನ್ನು ಅಂಟಿಸಿತು. ಉದ್ಯಾನದ ಪೊದೆ ಕತ್ತರಿಸುವಾಗಲೂ, ಮನೆ ಹಂಚುವಾಗಲೂ, ಮದ್ಯದಂಗಡಿಗೆ ಪರವಾನಗಿ ಕೊಡುವಾಗಲೂ ಇದರಿಂದ ಅಪರಾಧ ಹೆಚ್ಚುತ್ತದೆಯೇ ತಗ್ಗುತ್ತದೆಯೇ ಎಂದು ಯೋಚಿಸಲೇಬೇಕು. ಆಮೇಲೆ 2006ರ ಇನ್ನೊಂದು ಕಾಯ್ದೆ, ಅದರ 2009ರ ನಿಯಮಗಳು ಬಂದವು. ಪ್ರತಿ ಕೌನ್ಸಿಲ್ಲಿನಲ್ಲೂ, ಒಂದೇ ಮೇಜಿನ ಸುತ್ತ ಕೂತ ಈ ಸಂಸ್ಥೆಗಳ ಕೂಟದ ಕೆಲಸವನ್ನು ಪರಿಶೀಲಿಸುವ ಸಮಿತಿ ಇರಬೇಕು. ಅದು ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮಾಹಿತಿ ಕೇಳಿದರೆ ಪೊಲೀಸರು ಕೊಡಬೇಕು, ಕರೆದರೆ ಬರಬೇಕು. ಸಮಿತಿಯ ಶಿಫಾರಸಿಗೆ 28 ದಿನಗಳೊಳಗೆ ಬರಹದಲ್ಲಿ ಉತ್ತರ ಕೊಡಬೇಕು.

ವರ್ಷಕ್ಕೆ ಒಮ್ಮೆ ಎಂಬುದು ತೀರ ಕಡಿಮೆ. ಎಷ್ಟೋ ಕೌನ್ಸಿಲ್ಲುಗಳು ಆ ಒಂದು ಸಭೆಯನ್ನು ಶಾಸ್ತ್ರಕ್ಕೆಂಬಂತೆ ಮುಗಿಸಿಬಿಡುತ್ತವೆ ಎಂಬ ದೂರು ಅಲ್ಲೂ ಹಳೆಯದು. ಆದರೂ ಬಾಗಿಲು ಇದೆ, ಅದನ್ನು ತೆರೆಯಬೇಕೆಂದು ಕಾನೂನು ಹೇಳಿದೆ.

ಇಳಿದ ಅಂಕಿ, ಏರಿದ ಭಯ

ಸೋಂಕಿನ ಮೊದಲ ವರ್ಷ ಈ ಸಮಿತಿಗಳ ಮುಂದೆ ಬಂದ ಅಂಕಿಅಂಶಗಳನ್ನು ಓದುವುದು ಸುಲಭವಿರಲಿಲ್ಲ. 2021ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ದಾಖಲಿಸಿದ ಕಳ್ಳತನದ ಪ್ರಕರಣಗಳು ಹತ್ತಿರ ಹತ್ತಿರ ಮೂರನೇ ಒಂದರಷ್ಟು ಇಳಿದಿದ್ದವು. ಅದರಲ್ಲಿ ಆಶ್ಚರ್ಯವೇನಿಲ್ಲ. ಮನೆಯಲ್ಲಿ ಜನ ಇದ್ದರೆ ಕನ್ನ ಹಾಕುವುದು ಹೇಗೆ, ಬೀದಿ ಖಾಲಿ ಇದ್ದರೆ ಜೇಬು ಕತ್ತರಿಸುವುದು ಯಾರದ್ದು? ಬರೀ ಮೊತ್ತ ನೋಡಿದವರಿಗೆ ಊರು ಹಿಂದೆಂದಿಗಿಂತ ಸುರಕ್ಷಿತವಾಗಿದೆ ಎನಿಸಬಹುದಿತ್ತು. ಅದೇ ಹೊತ್ತಿಗೆ ಬೀದಿ ಪುಂಡಾಟಿಕೆಯ ದೂರುಗಳು ಸರ್ರನೆ ಏರಿದ್ದವು. ಅದನ್ನಷ್ಟೇ ನೋಡಿದವರು ಹುಡುಗರು ಕೈಮೀರಿದ್ದಾರೆ ಎಂದುಕೊಳ್ಳಬಹುದಿತ್ತು. ನಿಜ ಸಂಗತಿ ಏನೆಂದರೆ, ಪಕ್ಕದ ಮನೆಯವರು ಲಾಕ್‌ಡೌನ್ ಮುರಿದು ಗುಂಪು ಸೇರಿದ್ದಾರೆ ಎಂಬ ದೂರುಗಳನ್ನೂ ಹಲವು ಠಾಣೆಗಳು ಅದೇ ತಲೆಬರಹದಡಿ ಬರೆದುಕೊಂಡಿದ್ದವು.

ಇನ್ನು ಮುಚ್ಚಿದ ಬಾಗಿಲ ಹಿಂದಿನ ಹಿಂಸೆ. ಕೌಟುಂಬಿಕ ದೌರ್ಜನ್ಯದ ಸಹಾಯವಾಣಿಗಳಿಗೆ ಕರೆ ಹೆಚ್ಚಾಯಿತು. ಆದರೆ ಹೊಡೆಯುವವನು ಇಪ್ಪತ್ತನಾಲ್ಕು ಗಂಟೆಯೂ ಪಕ್ಕದಲ್ಲೇ ಇದ್ದಾಗ ಫೋನ್ ಎತ್ತಲಾಗದ ಹೆಂಗಸರ ಲೆಕ್ಕ ಯಾವ ಸಹಾಯವಾಣಿಯಲ್ಲೂ ಇರುವುದಿಲ್ಲ. ಮಕ್ಕಳ ಮೈಮೇಲಿನ ಬಾಸುಂಡೆ ಮೊದಲು ಕಾಣುವುದು ಶಾಲೆಯ ಶಿಕ್ಷಕಿಗೆ. ಶಾಲೆ ಮುಚ್ಚಿತ್ತು. ಇಂಥಲ್ಲಿ ಒಳ್ಳೆಯ ಸಮಿತಿ ಕೇಳಬೇಕಾದ ಪ್ರಶ್ನೆ ‘ದೂರು ಎಷ್ಟು ಬಂದಿದೆ’ ಎಂಬುದಲ್ಲ, ‘ದೂರು ಎಲ್ಲಿಂದ ಬರುವುದು ನಿಂತಿದೆ’ ಎಂಬುದು. 2021ರ ಏಪ್ರಿಲ್ 29ರಂದು ಅಂಕಿತ ಪಡೆದ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಮನೆ ಬಿಟ್ಟು ಬಂದ ಹೆಂಗಸರಿಗೂ ಮಕ್ಕಳಿಗೂ ಸುರಕ್ಷಿತ ನೆಲೆಯಲ್ಲಿ ಬೇಕಾದ ನೆರವು ಕೊಡುವ ಹೊಣೆಯನ್ನು ದೊಡ್ಡ ಕೌನ್ಸಿಲ್ಲುಗಳ ಹೆಗಲಿಗೆ ಹಾಕಿತು. ಸೋಂಕಿನ ನಂತರದ ಚೇತರಿಕೆಗೆ ಕೌನ್ಸಿಲ್ಲುಗಳು ಮಾಡಿಕೊಂಡ ಕೆಲಸಗಳ ಪಟ್ಟಿಯಲ್ಲಿ ಅಂಗಡಿ ಬೀದಿ, ಪ್ರವಾಸೋದ್ಯಮಗಳ ಜೊತೆಗೆ ಇದಕ್ಕೂ ಸಾಲು ಸಿಕ್ಕಿತು.

ಮನೆಯೇ ಇಲ್ಲದವರ ಕಥೆಯೂ ಇದೆ. ಮಾರ್ಚ್ 26, 2020ರಂದು ಕೇಂದ್ರ ಸರ್ಕಾರ ಎಲ್ಲ ಕೌನ್ಸಿಲ್ಲುಗಳಿಗೂ ಪತ್ರ ಬರೆಯಿತು: ಬೀದಿಯಲ್ಲಿ ಮಲಗುವ ಪ್ರತಿಯೊಬ್ಬರನ್ನೂ ಒಳಗೆ ಕರೆತನ್ನಿ. ಖಾಲಿ ಬಿದ್ದ ಹೋಟೆಲುಗಳು ತೆರೆದುಕೊಂಡವು. 2021ರ ಜನವರಿ ಹೊತ್ತಿಗೆ 37 ಸಾವಿರಕ್ಕೂ ಹೆಚ್ಚು ಮಂದಿಗೆ ನೆರವು ಸಿಕ್ಕಿದೆ ಎಂದಿತು ಸರ್ಕಾರದ ಲೆಕ್ಕ. ವರ್ಷಾನುಗಟ್ಟಲೆ ಆಗದು ಎನ್ನುತ್ತಿದ್ದ ಕೆಲಸ ಕೆಲವೇ ದಿನಗಳಲ್ಲಿ ಆಯಿತು. ಹಾಗಾದರೆ ಮೊದಲೇ ಯಾಕೆ ಆಗಲಿಲ್ಲ, ಹೋಟೆಲಿನ ಬಾಡಿಗೆ ನಿಂತ ಮೇಲೆ ಇವರೆಲ್ಲ ಎಲ್ಲಿಗೆ ಹೋಗುತ್ತಾರೆ? ಬಾಡಿಗೆದಾರರನ್ನು ಮನೆಯಿಂದ ಹೊರಹಾಕುವುದಕ್ಕಿದ್ದ ತಡೆಯೂ 2021ರ ಮೇ 31ಕ್ಕೆ ಇಂಗ್ಲೆಂಡಿನಲ್ಲಿ ಮುಗಿಯಿತು. ಚೇತರಿಕೆ ಎಂಬ ಮಾತಿನ ಕೆಳಗೆ ಕೌನ್ಸಿಲ್ಲುಗಳು ಎದುರಿಸಬೇಕಾದ ಪ್ರಶ್ನೆಗಳು ಇಂಥವು.

ಲೆಸ್ಟರ್ ನಗರದ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಭಾರತೀಯ ಮೂಲದವರು, ಅದರಲ್ಲೂ ಗುಜರಾತಿಗಳು ದೊಡ್ಡ ಸಂಖ್ಯೆಯಲ್ಲಿರುವ ಊರು ಅದು. 2020ರ ಜೂನ್ 29ರಂದು, ದೇಶದ ಉಳಿದೆಡೆ ನಿರ್ಬಂಧ ಸಡಿಲಿಸುವ ಮಾತು ನಡೆಯುತ್ತಿದ್ದಾಗ, ಲೆಸ್ಟರ್‌ಗೆ ಮಾತ್ರ ಮತ್ತೆ ಬೀಗ ಬಿತ್ತು. ನಗರದ ಚುನಾಯಿತ ಮೇಯರ್ ಪೀಟರ್ ಸೋಲ್ಸ್‌ಬಿ ಅವರ ದೂರು ಸರಳವಾಗಿತ್ತು: ಯಾವ ಬೀದಿಯಲ್ಲಿ ಸೋಂಕು ಹೆಚ್ಚಿದೆ ಎಂಬ ಮಾಹಿತಿಯನ್ನೇ ನಮಗೆ ಸಕಾಲಕ್ಕೆ ಕೊಡಲಿಲ್ಲ. ಆಸ್ಪತ್ರೆಯಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶ ಊರಿಗೆ ಸಿಗುತ್ತಿತ್ತು. ರಾಷ್ಟ್ರಮಟ್ಟದಲ್ಲಿ ಗುತ್ತಿಗೆ ಕೊಟ್ಟ ಪ್ರಯೋಗಾಲಯಗಳ ಫಲಿತಾಂಶದ ಬೀದಿವಾರು ವಿವರ ತಲುಪುವಷ್ಟರಲ್ಲಿ ತಡವಾಗಿತ್ತು. ಪೊಲೀಸರಿಂದ ಮಾಹಿತಿ ಕೇಳುವ ಹಕ್ಕನ್ನು ಕಾನೂನು ಕೌನ್ಸಿಲ್ಲಿಗೆ ಕೊಟ್ಟಿತ್ತು. ಲಂಡನ್ನಿನ ಸಚಿವಾಲಯವನ್ನು ಹಾಗೆ ಕರೆಸಿ ಕೇಳುವ ಹಕ್ಕು ಯಾವ ಊರಿನ ಸಮಿತಿಗೂ ಇರಲಿಲ್ಲ. ಇದೇ ಲೆಸ್ಟರ್‌ನಲ್ಲಿ, ಇದೇ ತಿಂಗಳುಗಳಲ್ಲಿ, ಕನಿಷ್ಠ ಕೂಲಿಯನ್ನೂ ಕೊಡದ ಬಟ್ಟೆ ಕಾರ್ಖಾನೆಗಳ ಸುದ್ದಿ ದೇಶದ ತುಂಬ ಹರಡಿತು. ಅವುಗಳ ಬಗ್ಗೆ ವರ್ಷಗಳಿಂದ ಬರೆಯಲಾಗುತ್ತಿತ್ತು. ಆ ಇಕ್ಕಟ್ಟಿನ ಕೋಣೆಗಳಲ್ಲಿ ಕೂಲಿಗಳು ಒತ್ತೊತ್ತಾಗಿ ಕುಳಿತು ಹೊಲಿಯುತ್ತಿದ್ದಾರೆ ಎಂಬುದು ಆರೋಗ್ಯದ ಪ್ರಶ್ನೆಯಾದ ಮೇಲಷ್ಟೇ ಎಲ್ಲರೂ ಅತ್ತ ತಿರುಗಿದರು.

ದೀಪ, ಕ್ಯಾಮೆರಾ ಮತ್ತು ನಂಬಿಕೆ

2021ರ ಮಾರ್ಚ್ 3ರ ರಾತ್ರಿ ದಕ್ಷಿಣ ಲಂಡನ್ನಿನ ಕ್ಲಾಪಮ್‌ನಲ್ಲಿ ಮನೆಗೆ ನಡೆದು ಹೋಗುತ್ತಿದ್ದ 33 ವರ್ಷದ ಯುವತಿಯನ್ನು ಅಪಹರಿಸಿ ಕೊಂದವನು ಸೇವೆಯಲ್ಲಿದ್ದ ಪೊಲೀಸ್. ಆ ಪ್ರದೇಶ ಲ್ಯಾಂಬೆತ್ ಕೌನ್ಸಿಲ್ಲಿನದು. ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಯಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಅದೇ ಲ್ಯಾಂಬೆತ್; ಕಲಬುರಗಿ ಸೀಮೆಯ ವೈದ್ಯ ನೀರಜ್ ಪಾಟೀಲ್ 2010-11ರಲ್ಲಿ ಮೇಯರ್ ಆಗಿದ್ದ ಕೌನ್ಸಿಲ್ ಅದು. ಮಾರ್ಚ್ 13ರಂದು ಕ್ಲಾಪಮ್ ಕಾಮನ್‌ನಲ್ಲಿ ಶೋಕಕ್ಕೆಂದು ಸೇರಿದ ಹೆಂಗಸರನ್ನು ಸೋಂಕಿನ ನಿಯಮದ ಹೆಸರಿನಲ್ಲಿ ಪೊಲೀಸರು ನೆಲಕ್ಕೊತ್ತಿ ಬಂಧಿಸಿದ ಚಿತ್ರಗಳು ಜಗತ್ತಿಗೆಲ್ಲ ತಲುಪಿದವು. ಆ ಸಭೆಯ ಸಂಘಟಕಿಯರ ಹಕ್ಕನ್ನು ಪೊಲೀಸರು ಉಲ್ಲಂಘಿಸಿದ್ದರು ಎಂದು ಒಂದು ವರ್ಷದ ನಂತರ ಹೈಕೋರ್ಟ್ ಹೇಳಿತು.

ಸರ್ಕಾರ ತಕ್ಷಣ ಮಾಡಿದ ಕೆಲಸವೆಂದರೆ ಸುರಕ್ಷಿತ ಬೀದಿಗಳ ನಿಧಿಯನ್ನು ದುಪ್ಪಟ್ಟು ಮಾಡಿ 4.5 ಕೋಟಿ ಪೌಂಡಿಗೆ ಏರಿಸಿದ್ದು. ಬೀದಿ ದೀಪ, ಸಿಸಿಟಿವಿ ಕ್ಯಾಮೆರಾ. ದೀಪ ಬೇಕು, ಯಾರೂ ಬೇಡವೆನ್ನುವುದಿಲ್ಲ. ಆದರೆ ಕೊಂದವನು ಕತ್ತಲಲ್ಲಿ ಅಡಗಿ ಕುಳಿತಿದ್ದವನಲ್ಲ, ಪೊಲೀಸ್ ಗುರುತಿನ ಚೀಟಿ ತೋರಿಸಿದವನು. ಹೆಂಗಸರಿಗಿದ್ದ ಪ್ರಶ್ನೆಗೆ ಕಂಬದ ಮೇಲಿನ ದೀಪ ಉತ್ತರವಾಗಿರಲಿಲ್ಲ. ಯಾವುದಕ್ಕೆ ಹಣ ಬರುತ್ತದೋ ಅದೇ ಆದ್ಯತೆಯಾಗಿಬಿಡುವ ಅಪಾಯ ಎಲ್ಲ ಊರುಗಳ ಆಡಳಿತಕ್ಕೂ ಇದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯ ಸಾವಿರಾರು ಕ್ಯಾಮೆರಾಗಳ ಬಗ್ಗೆಯೂ ಈ ಮಾತನ್ನು ಯಾರಾದರೂ ಚುನಾಯಿತರು ಎದ್ದು ಕೇಳಬೇಕಿತ್ತು.

ಲಂಡನ್ ಪೊಲೀಸರ ಒಳಗನ್ನು ಬಗೆದು ನೋಡಿದ ವರದಿ ಬಂದದ್ದು 2023ರ ಮಾರ್ಚ್‌ನಲ್ಲಿ. ಬರೆದವರು ಲೂಯಿಸ್ ಕೇಸಿ. ಬೀದಿಯಲ್ಲಿ ಮಲಗುವವರನ್ನು ಒಳಗೆ ತರುವ 2020ರ ಕೆಲಸದ ಮುಂಚೂಣಿಯಲ್ಲಿದ್ದವರೂ ಅವರೇ. ಅದಕ್ಕೂ ಐದು ವರ್ಷ ಮೊದಲು ರಾದರಮ್ ಎಂಬ ಊರಿನ ಕೌನ್ಸಿಲನ್ನು ತಪಾಸಣೆ ಮಾಡಿದವರೂ ಅವರೇ. ರಾದರಮ್‌ನ ಹೆಸರನ್ನು ಪರಿಶೀಲನಾ ಸಮಿತಿಗಳ ಬಗ್ಗೆ ಬರೆಯುವ ಯಾರೂ ಬಿಟ್ಟುಹೋಗುವಂತಿಲ್ಲ. 1997ರಿಂದ 2013ರವರೆಗೆ ಅಲ್ಲಿ ಕನಿಷ್ಠವೆಂದರೂ 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾಗಿದ್ದರು ಎಂದು ಅಲೆಕ್ಸಿಸ್ ಜೇ ಅವರ 2014ರ ವರದಿ ಅಂದಾಜು ಮಾಡಿತು. ಸಮಿತಿಗಳಿರಲಿಲ್ಲವೆ? ಇದ್ದವು. ಸಭೆ ನಡೆಯುತ್ತಿತ್ತು, ನಡಾವಳಿ ಬರೆಯಲಾಗುತ್ತಿತ್ತು. ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳುವ ವಾತಾವರಣವೇ ಅಲ್ಲಿರಲಿಲ್ಲ ಎಂಬುದು 2015ರಲ್ಲಿ ಕೇಸಿಯವರಿಗೆ ಕಂಡದ್ದು. ಇಡೀ ಸಂಪುಟ ರಾಜೀನಾಮೆ ಕೊಟ್ಟಿತು, ಸರ್ಕಾರ ಆಯುಕ್ತರನ್ನು ಕಳಿಸಿತು. ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ಆರೈಕೆಯಿಲ್ಲದೆ ನರಳಿದ ಪ್ರಕರಣದಲ್ಲೂ 2013ರ ಫ್ರಾನ್ಸಿಸ್ ವರದಿ ಸ್ಥಳೀಯ ಪರಿಶೀಲನಾ ಸಮಿತಿಗಳು ಕಣ್ಣೆದುರಿನದನ್ನು ಕಾಣಲಿಲ್ಲ ಎಂದಿತ್ತು.

ಇಷ್ಟೆಲ್ಲ ಗೊತ್ತಿದ್ದೂ 2020ರಲ್ಲಿ ಕ್ರಾಯ್ಡನ್ ದಿವಾಳಿಯ ಅಂಚಿಗೆ ಬಂತು. ದಕ್ಷಿಣ ಲಂಡನ್ನಿನ ದೊಡ್ಡ ಕೌನ್ಸಿಲ್ ಅದು. ತನ್ನದೇ ಒಡೆತನದ ಮನೆ ಕಟ್ಟುವ ಕಂಪನಿಗೆ ಸುಮಾರು 20 ಕೋಟಿ ಪೌಂಡ್ ಸಾಲ ಕೊಟ್ಟಿತ್ತು, ಲಾಭಾಂಶ ಬಂದಿರಲಿಲ್ಲ. 2018ರಲ್ಲಿ ಸುಮಾರು 3 ಕೋಟಿ ಪೌಂಡಿಗೆ ಒಂದು ಹೋಟೆಲನ್ನೂ ಕೊಂಡಿತ್ತು. ಸೋಂಕು ಬಂದು ಅದನ್ನು ನಡೆಸುತ್ತಿದ್ದವರು ಕೈಚೆಲ್ಲಿದರು. ಅಕ್ಟೋಬರ್‌ನಲ್ಲಿ ಲೆಕ್ಕ ಪರಿಶೋಧಕರು ಸಾರ್ವಜನಿಕ ಹಿತದ ವರದಿ ಹೊರಡಿಸಿದರು. ಎಚ್ಚರಿಕೆಯ ಸೂಚನೆಗಳಿದ್ದರೂ ಸದಸ್ಯರು ಗಟ್ಟಿಯಾಗಿ ಪ್ರಶ್ನಿಸಲಿಲ್ಲ ಎಂಬುದು ಅದರ ಮುಖ್ಯ ಆಕ್ಷೇಪಗಳಲ್ಲೊಂದು. ನವೆಂಬರ್ 11ರಂದು ಕೌನ್ಸಿಲ್ಲಿನ ಹಣಕಾಸು ಅಧಿಕಾರಿ 114ನೇ ಕಲಮಿನ ನೋಟಿಸ್ ಕೊಟ್ಟರು. ಕಾನೂನು ಕಡ್ಡಾಯ ಮಾಡಿದ ಸೇವೆಗಳನ್ನು ಬಿಟ್ಟು ಹೊಸದಾಗಿ ಒಂದು ಪೌಂಡೂ ಖರ್ಚು ಮಾಡುವಂತಿಲ್ಲ ಎಂದು ಅದರ ಅರ್ಥ. ಜನರಿಗೆ ಕೌನ್ಸಿಲ್ಲಿನ ಕೈ ಬೇಕಾಗಿದ್ದ ವರ್ಷವೇ ಆ ಕೈ ಕಟ್ಟಿಹೋಯಿತು.

ಇದಕ್ಕೆ ಹಿನ್ನೆಲೆಯೂ ಇದೆ. 2010-11ರಿಂದ 2017-18ರ ನಡುವೆ ಕೇಂದ್ರದಿಂದ ಇಂಗ್ಲೆಂಡಿನ ಕೌನ್ಸಿಲ್ಲುಗಳಿಗೆ ಬರುವ ಅನುದಾನ, ಬೆಲೆಯೇರಿಕೆ ಕಳೆದು ನೋಡಿದರೆ, ಶೇಕಡಾ 49.1ರಷ್ಟು ಇಳಿದಿತ್ತು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ ಹೇಳಿದೆ. ಕಾಸಿಲ್ಲದ ಕೌನ್ಸಿಲ್ಲುಗಳು ಕಟ್ಟಡ, ಅಂಗಡಿ ಸಂಕೀರ್ಣ ಕೊಂಡು ಆದಾಯ ಹುಡುಕಲು ಹೊರಟವು. ಕಡಿತ ಬಂದಾಗ ಮೊದಲು ಹೋದ ಹುದ್ದೆಗಳಲ್ಲಿ ಪರಿಶೀಲನಾ ಸಮಿತಿಗೆ ಮಾಹಿತಿ ಹೆಕ್ಕಿಕೊಡುವ ಸಿಬ್ಬಂದಿಯದ್ದೂ ಸೇರಿತ್ತು. ಊರಿನ ಪತ್ರಿಕೆಗಳು ಒಂದೊಂದಾಗಿ ಮುಚ್ಚಿ, ಕೌನ್ಸಿಲ್ ಸಭೆಯಲ್ಲಿ ಕೂರುವ ವರದಿಗಾರನೂ ಇಲ್ಲವಾದ. ಕೊನೆಗೆ ಬಿಬಿಸಿ ತನ್ನ ಹಣದಲ್ಲಿ ಸ್ಥಳೀಯ ಸಭೆಗಳನ್ನು ವರದಿ ಮಾಡುವ ಪತ್ರಕರ್ತರ ಒಂದು ಪಡೆಯನ್ನೇ ಕಟ್ಟಬೇಕಾಯಿತು.

ವಿಡಿಯೊ ಸಭೆಗಳಿಂದ ಅನಿರೀಕ್ಷಿತ ಲಾಭವೂ ಆಯಿತು. ಮಗುವನ್ನು ಮಲಗಿಸಿ ಬಂದ ತಾಯಿ, ಗಾಲಿಕುರ್ಚಿಯಲ್ಲಿರುವವರು, ರಾತ್ರಿ ಪಾಳಿಯ ಕೆಲಸಗಾರರು ಮೊದಲ ಬಾರಿಗೆ ತಮ್ಮ ಕೌನ್ಸಿಲ್ ಹೇಗೆ ಮಾತಾಡುತ್ತದೆಂದು ಕಂಡರು. ಹ್ಯಾಂಡ್‌ಫೋರ್ತ್ ಎಂಬ ಪುಟ್ಟ ಊರಿನ ಜಗಳಗಂಟ ಸಭೆಯ ವಿಡಿಯೊವನ್ನು 2021ರ ಫೆಬ್ರವರಿಯಲ್ಲಿ ಲಕ್ಷಾಂತರ ಜನ ನೋಡಿದರು. ಆದರೆ ವಿಡಿಯೊ ಸಭೆಗೆ ಅವಕಾಶ ಕೊಟ್ಟಿದ್ದ ನಿಯಮದ ಅವಧಿ ಮೇ 7ಕ್ಕೆ ಮುಗಿಯಿತು. ಅದನ್ನು ಮುಂದುವರಿಸಲು ಹಳೆಯ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಏಪ್ರಿಲ್ 28ರಂದೇ ಹೈಕೋರ್ಟ್ ತೀರ್ಪು ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಎಲ್ಲರೂ ಮತ್ತೆ ಕೋಣೆಗೆ ಮರಳಬೇಕಾಯಿತು. ಒಳ್ಳೆಯ ಪದ್ಧತಿಯೊಂದನ್ನು ಹೀಗೆ ಕೈಬಿಟ್ಟದ್ದು ನನಗೆ ಸರಿಕಾಣುವುದಿಲ್ಲ.

ನಮ್ಮ ಖಾಲಿ ಕುರ್ಚಿಗಳು

ಈಗ ಬೆಂಗಳೂರಿಗೆ ಬರೋಣ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಆಗಲಿಲ್ಲ. ಸರ್ಕಾರ ಐಎಎಸ್ ಅಧಿಕಾರಿಯೊಬ್ಬರನ್ನು ಆಡಳಿತಾಧಿಕಾರಿಯಾಗಿ ಕೂರಿಸಿತು. 198 ವಾರ್ಡುಗಳ ಸದಸ್ಯರು ಮನೆಗೆ ಹೋದರು, ಆರೋಗ್ಯ, ಹಣಕಾಸು ಸೇರಿದಂತೆ ಹನ್ನೆರಡು ಸ್ಥಾಯಿ ಸಮಿತಿಗಳೂ ಅವರೊಂದಿಗೆ ಹೋದವು. ಎರಡನೇ ಅಲೆ ಬಂದು ಅಪ್ಪಳಿಸಿದಾಗ, 2021ರ ಏಪ್ರಿಲ್ 30ರಂದು ಬೆಂಗಳೂರೊಂದರಲ್ಲೇ ಒಂದು ದಿನದ ಹೊಸ ಪ್ರಕರಣ 26 ಸಾವಿರ ದಾಟಿದಾಗ, ನಗರಕ್ಕೆ ತನ್ನದೇ ಆದ ಒಂದು ಚುನಾಯಿತ ಸಭೆ ಇರಲಿಲ್ಲ.

ಹಾಸಿಗೆಗಾಗಿ ವಾರ್‌ರೂಮ್‌ಗೆ ಫೋನ್ ಮಾಡಿ ಮಾಡಿ ಸೋತವರು ಸಾವಿರಾರು. ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಉರಿಸಬೇಕಾಯಿತು. ಹಾಸಿಗೆ ಹಂಚಿಕೆಯಲ್ಲಿ ಅಕ್ರಮದ ಆರೋಪ ಬಂದಾಗ ಅದು ಟಿ.ವಿ. ಕ್ಯಾಮೆರಾಗಳ ಮುಂದೆ ಸ್ಫೋಟಿಸಿತು, ಪೊಲೀಸರ ಕೈಗೆ ಹೋಯಿತು, ಹೈಕೋರ್ಟಿನ ಕದ ತಟ್ಟಿತು. ಚಾಮರಾಜನಗರದಲ್ಲಿ ಮೇ ತಿಂಗಳ ಮೊದಲ ವಾರ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಮೇಲೆ ಕೇಳಬೇಕಾದವರೂ ಹೈಕೋರ್ಟ್ ನೇಮಿಸಿದ ಸಮಿತಿಯವರೇ ಆದರು. ನ್ಯಾಯಾಲಯ ಇತ್ತಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ನ್ಯಾಯಾಲಯ ಕೇಳುವುದು ಅನಾಹುತವಾದ ಮೇಲೆ. ಹಾಸಿಗೆ ಎಷ್ಟಿವೆ, ಆಮ್ಲಜನಕ ಎಲ್ಲಿಂದ ಬರುತ್ತದೆ ಎಂದು ಫೆಬ್ರವರಿಯಲ್ಲಿ, ಸೋಂಕು ಇಳಿದಿದ್ದಾಗ, ಕೇಳುವುದು ಸ್ಥಾಯಿ ಸಮಿತಿಯ ಕೆಲಸವಾಗಿತ್ತು.

ಹಳ್ಳಿಗಳದ್ದು ಸ್ವಲ್ಪ ವಾಸಿ. ಗ್ರಾಮ ಪಂಚಾಯಿತಿ ಚುನಾವಣೆಯನ್ನು ಸೋಂಕಿನ ನಡುವೆಯೇ, 2020ರ ಡಿಸೆಂಬರ್‌ನಲ್ಲಿ ಎರಡು ಹಂತಗಳಲ್ಲಿ ನಡೆಸಲಾಯಿತು. ಅಂದರೆ ಮನಸ್ಸಿದ್ದರೆ ನಡೆಸಬಹುದಿತ್ತು. ಎರಡನೇ ಅಲೆಯಲ್ಲಿ ಹಳ್ಳಿಯ ಟಾಸ್ಕ್‌ಫೋರ್ಸ್‌ನಲ್ಲಿ ಕೂರಲು ಆಗ ತಾನೇ ಗೆದ್ದ ಸದಸ್ಯರಿದ್ದರು. ಆದರೆ 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಅವೂ ವರ್ಷಗಟ್ಟಲೆ ಅಧಿಕಾರಿಗಳ ಪಾಲಾದವು.

ಬೆಂಗಳೂರಿನಲ್ಲಿ ಐದು ವರ್ಷ, ಅಂದರೆ ಒಂದು ಕೌನ್ಸಿಲ್ಲಿನ ಇಡೀ ಆಯಸ್ಸು, ಚುನಾಯಿತರಿಲ್ಲದೆ ಕಳೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾದ ಪ್ರಾಧಿಕಾರ. ಗಡಿ, ವಾರ್ಡು, ಮೀಸಲಾತಿಗಳ ಬಗ್ಗೆ ಮಾತು ಸಾಕಷ್ಟಾಗಿದೆ. ಸಭೆ ಸೇರಿದ ಮೇಲೆ ಯಾರು ಯಾರನ್ನು ಕೇಳಬೇಕು ಎಂಬ ಮಾತು ಕೇಳಿಸಲಿಲ್ಲ. ಹೊಸ ಪಾಲಿಕೆಗಳು ಮೊದಲ ವರ್ಷದಲ್ಲೇ ಕೈಹಾಕಬೇಕಾದ ಕೆಲಸ ನನ್ನ ದೃಷ್ಟಿಯಲ್ಲಿ ಇದು: ಕೊರೊನಾ ಎರಡನೇ ಅಲೆಯಲ್ಲಿ ನಗರ ಮಾಡಿದ ಖರ್ಚು, ಕೊಂಡ ಸಾಮಾನು, ಹಾಸಿಗೆ ಹಂಚಿದ ರೀತಿ ಇವನ್ನು ಪ್ರತಿಪಕ್ಷದ ಸದಸ್ಯರೊಬ್ಬರ ಅಧ್ಯಕ್ಷತೆಯ ಸಮಿತಿ ತೆರೆದ ಸಭೆಯಲ್ಲಿ ಪರಿಶೀಲಿಸಲಿ, ಮನೆಯವರನ್ನು ಕಳೆದುಕೊಂಡವರನ್ನು ಮೊದಲು ಮಾತಾಡಲು ಕರೆಯಲಿ. ವರ್ಷಕ್ಕೆರಡು ಬಾರಿಯಾದರೂ ನಗರದ ಪೊಲೀಸ್ ಕಮಿಷನರ್ ಪಾಲಿಕೆಯ ಮುಂದೆ ಬಂದು ಬೀದಿ, ಬಸ್‌ನಿಲ್ದಾಣ, ಮನೆಯೊಳಗಿನ ಹಿಂಸೆಯ ಬಗ್ಗೆ ಉತ್ತರ ಕೊಡಲಿ. ಪೊಲೀಸರನ್ನು ಹಾಗೆ ಕರೆಸಲು ವಿಧಾನಸಭೆ ಕಾನೂನು ಮಾಡಬೇಕಾಗುತ್ತದೆ. ಸಮಿತಿಯ ಕಾಗದಪತ್ರಗಳನ್ನು ಐದು ದಿನ ಮೊದಲೇ ವಾರ್ಡ್ ಕಚೇರಿಯಲ್ಲೂ ಅಂತರ್ಜಾಲದಲ್ಲೂ ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ಆಡಳಿತಾಧಿಕಾರಿಗಳು ಈ ತಿಂಗಳೇ ಶುರುಮಾಡಬಹುದು.